ದುಡಿಯುವ ಕೈ, ಬಿಡುವಿರುವ ಕಿವಿ

ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಏರಿದವರಿಗೆ ಪುಸ್ತಕ ಬಿಡಿಸುವ ಮಾತು ಹಾಗಿರಲಿ, ಮೇಲೆತ್ತಿದ ಕೈಯನ್ನು ಕೆಳಗಿಳಿಸುವುದಕ್ಕೂ ಮುಂದಿನ ನಿಲ್ದಾಣವನ್ನು ಕಾಯಬೇಕಾಗುತ್ತದೆ. ಕಣ್ಣೆದುರಿಗೆ ಇನ್ನೊಬ್ಬರ ಬೆನ್ನು, ಕಾಲ ಬಳಿ ಮತ್ತೊಬ್ಬರ ಚೀಲ. ಆ ಒಂದು ಗಂಟೆಯಲ್ಲಿ ದೇಹದ ಅವಯವಗಳ ಪೈಕಿ ಬಿಡುವಾಗಿ ಉಳಿಯುವುದು ಕಿವಿಯೊಂದೇ. ಓದಿನ ಚರಿತ್ರೆಯನ್ನು ನಮ್ಮವರು ಸಾಕಷ್ಟು ಬರೆದಿದ್ದಾರೆ. ಮುಂಬಯಿಯ ಕನ್ನಡ ಪತ್ರಿಕೆಗಳು, ಗ್ರಂಥಾಲಯಗಳು, ಸಂಘಗಳ ಬಗ್ಗೆ ಸಂಪುಟಗಳೇ ಬಂದಿವೆ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರು ದುಡಿಮೆಯ ನಡುವೆ ಏನನ್ನು ಕೇಳಿಸಿಕೊಂಡರು, ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ದಾಖಲೆ ಕಡಿಮೆ. ಕೇಳಿದ್ದು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಕಪಾಟಿಗೆ ಬರುತ್ತದೆ. ಇಂದು ಪಾಡ್‌ಕಾಸ್ಟ್ ಎಂಬ ಹೆಸರಿನಲ್ಲಿ ಕಿವಿಗೆ ಹೊಸದಾಗಿ ಗೌರವ ದೊರೆಯುತ್ತಿರುವಾಗ, ಅದರ ಹಿಂದಿನ ದಾರಿಯನ್ನು ಒಮ್ಮೆ ತಿರುಗಿ ನೋಡುವ ಆಸೆ ನಮ್ಮದು.

ದುಡಿಮೆಯೊಂದಿಗೆ ಕೇಳ್ಮೆ ಸೇರಿಕೊಂಡದ್ದು ಯಂತ್ರಗಳಿಂದಲ್ಲ. ಬೀಸುವ ಕಲ್ಲಿನ ಮುಂದೆ, ಒನಕೆಯ ಮುಂದೆ, ನಾಟಿಯ ಗದ್ದೆಯಲ್ಲಿ ಹಾಡು ಇದ್ದೇ ಇತ್ತು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇಂತಹ ದುಡಿಯುವ ಹೆಂಗಸರ ಬಾಯಿಂದ ಬಂದದ್ದು. ತುಳುನಾಡಿನ ನಾಟಿಯಲ್ಲಿ ಪಾಡ್ದನ ಇತ್ತು. ನಾವು ಬಂದು ನೆಲೆಸಿದ ಈ ಮಹಾರಾಷ್ಟ್ರದಲ್ಲಿ ಹೇಮಾ ರಾಯರ್‌ಕರ್ ಮತ್ತು ಗೀ ಪ್ವಾತ್ವಾಂ ಅವರ ಪ್ರಯತ್ನದಿಂದ ಒಂದು ಲಕ್ಷಕ್ಕೂ ಮಿಕ್ಕಿ ಬೀಸುವ ಓವಿಗಳು ಸಂಗ್ರಹವಾಗಿವೆ. ಅಲ್ಲಿ ಹಾಡುವವಳೇ ಕೇಳುವವಳು, ಹಾಡಿನ ಲಯವೇ ಕಲ್ಲಿನ ಲಯ. ನಗರದ ದುಡಿಮೆ ಈ ಎರಡನ್ನೂ ಬೇರ್ಪಡಿಸಿತು. ಗಿರಣಿಯ ಮಗ್ಗದ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಿಸದಿರುವಾಗ ಹಾಡುವುದೆಲ್ಲಿಂದ?

ಸದ್ದಿಲ್ಲದ ಕಾರ್ಖಾನೆಗಳ ಕಥೆ ಬೇರೆ. ಕ್ಯೂಬಾದ ಹವಾನಾದಲ್ಲಿ 1865ರಲ್ಲಿ ಚುಟ್ಟಾ ಸುತ್ತುವ ಕೆಲಸಗಾರರು ತಮ್ಮ ಕೂಲಿಯಿಂದಲೇ ವಂತಿಗೆ ಕೂಡಿಸಿ ಒಬ್ಬ ಓದುಗನನ್ನು ನೇಮಿಸಿಕೊಂಡರು. ಅವನು ಎತ್ತರದಲ್ಲಿ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಉಳಿದವರ ಕೈ ಎಲೆಯ ಮೇಲೆ, ಕಿವಿ ಅವನ ಮೇಲೆ. ಮರುವರ್ಷವೇ ಸರ್ಕಾರ ಇದನ್ನು ನಿಷೇಧಿಸಿತೆಂದರೆ ಕೇಳುವ ಕಾರ್ಮಿಕನ ಬಗ್ಗೆ ಆಳುವವರಿಗಿದ್ದ ಅಂಜಿಕೆ ತಿಳಿಯುತ್ತದೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾಸರಗೋಡು ಕಣ್ಣೂರು ಜಿಲ್ಲೆಯಲ್ಲೇ ಸೇರಿದ್ದ ಕಾಲದಲ್ಲಿ, 1969ರಲ್ಲಿ, ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅದರ ಶೆಡ್ಡುಗಳಲ್ಲಿ ಒಬ್ಬರು ಪತ್ರಿಕೆ ಓದುತ್ತಿದ್ದರು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಕೇಳುವುದಕ್ಕೂ ಬೆಲೆಯುಂಟು, ಅದನ್ನು ಕೇಳುಗರೇ ತೆರಬೇಕು ಎಂಬ ಒಪ್ಪಂದ ಇದರಲ್ಲಿತ್ತು. ಇದಕ್ಕೆ ಹೋಲಿಸಿದರೆ 1940ರ ಯುದ್ಧಕಾಲದಲ್ಲಿ ಬಿಬಿಸಿಯು ಕಾರ್ಖಾನೆಗಳಿಗಾಗಿ ಆರಂಭಿಸಿದ ‘ಮ್ಯೂಸಿಕ್ ವೈಲ್ ಯು ವರ್ಕ್’ ಉತ್ಪಾದನೆಯನ್ನು ಹೆಚ್ಚಿಸುವ ಉಪಾಯ ಮಾತ್ರ. ಹಾಡಿನ ನಡುವೆ ಚಪ್ಪಾಳೆ ಬರುವ ಒಂದು ಜನಪ್ರಿಯ ಗೀತೆಯನ್ನು ಅದರಿಂದ ದೂರವಿಟ್ಟಿದ್ದರಂತೆ. ಕೆಲಸಗಾರರು ಉಪಕರಣ ಬಿಟ್ಟು ತಾಳ ಹಾಕಿಬಿಡುತ್ತಾರೆಂಬ ಭಯ!

ನಮ್ಮ ಈ ಊರುಗಳು ನಿಂತಿರುವುದು ಪ್ರಯಾಣದ ಮೇಲೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಬಂತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಠಾಣೆಗೆ 34 ಕಿಲೋಮೀಟರ್, ಕಲ್ಯಾಣಕ್ಕೆ ಇನ್ನೊಂದು ಇಪ್ಪತ್ತು. ಈ ಅಂತರವೇ ಮನೆಯಲ್ಲದ, ಕಚೇರಿಯೂ ಅಲ್ಲದ ಒಂದು ಹೊತ್ತನ್ನು ಸೃಷ್ಟಿಸಿತು. ಅದನ್ನು ಮೊದಲು ಬಳಸಿಕೊಂಡವರಲ್ಲಿ ಲೋಕಲಿನ ಭಜನ ಮಂಡಳಿಗಳವರು ಮುಖ್ಯರು. ಡಬ್ಬಿಯ ಗೋಡೆಯೇ ಮೃದಂಗ, ಕೈಯಲ್ಲಿ ತಾಳ. ಕಲ್ಯಾಣದಲ್ಲಿ ಹಿಡಿದ ಅಭಂಗ ದಾದರಿನವರೆಗೆ. ಮಹಿಳೆಯರ ಡಬ್ಬಿಯಲ್ಲಿ ಸಂಜೆಯ ಅಡುಗೆಗೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಮಾತು ಕೇಳುವುದು, ಹೇಳುವುದು. ಕನ್ನಡದ ಕಿವಿಗಳು ಅಲ್ಲಿ ಮರಾಠಿಯನ್ನು ಕಲಿತದ್ದು ಹೀಗೆಯೇ. ಯಾವ ತರಗತಿಯಲ್ಲೂ ಅಲ್ಲ.

ಕನ್ನಡವನ್ನು ಕೇಳಲು ಮಾತ್ರ ರಾತ್ರಿಯನ್ನು ಕಾಯಬೇಕಿತ್ತು.

ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಆರಂಭವಾದದ್ದು 1927ರ ಜುಲೈ 23ರಂದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು 1956ರವರೆಗೂ ಮುಂಬಯಿ ಆಡಳಿತದೊಳಗೇ ಇದ್ದುದರಿಂದ ಇಲ್ಲಿಯ ಬಾನುಲಿಯಲ್ಲಿ ಮರಾಠಿ, ಗುಜರಾತಿಗಳ ಜೊತೆಗೆ ಕನ್ನಡಕ್ಕೂ ಅಷ್ಟಿಷ್ಟು ಹೊತ್ತು ಸಿಗುತ್ತಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ನಡೆಸಿ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಕೊಟ್ಟ ಕಥೆ ಎಲ್ಲರಿಗೂ ತಿಳಿದದ್ದು. ಹೊರನಾಡಿನವರಾದ ನಮ್ಮ ಪಾಲಿಗೆ ಅದಕ್ಕಿಂತ ಮಹತ್ವದ್ದು 1950ರ ಜನವರಿಯಲ್ಲಿ ಶುರುವಾದ ಧಾರವಾಡ ಕೇಂದ್ರ. ಆಮೇಲೆ 1955ರಲ್ಲಿ ಬೆಂಗಳೂರು, 1976ರಲ್ಲಿ ಮಂಗಳೂರು ಬಂದವು.

ಮಧ್ಯಮ ತರಂಗಾಂತರದ ಸ್ವಭಾವವೇ ವಿಚಿತ್ರ. ಹಗಲಿನಲ್ಲಿ ವಾಯುಮಂಡಲದ ಮೇಲ್ಪದರವೊಂದು ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ಕೇಂದ್ರದ ಆಸುಪಾಸಿನವರಿಗಷ್ಟೇ ಧ್ವನಿ ಕೇಳುತ್ತದೆ. ಸೂರ್ಯ ಮುಳುಗಿದ ಬಳಿಕ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಮೈಲಿಯಾಚೆ ಇಳಿಯುತ್ತವೆ. ಹೀಗಾಗಿ ಹಗಲೆಲ್ಲ ಪರಭಾಷೆಯಲ್ಲಿ ದುಡಿದು ಡೊಂಬಿವಲಿಯ ಚಾಳಿಗೆ ಮರಳಿದವನಿಗೆ, ಸರಿಯಾಗಿ ಅವನು ಮರಳುವ ಹೊತ್ತಿಗೇ, 765 ಕಿಲೋಹರ್ಟ್ಸ್‌ನ ಧಾರವಾಡವೋ 612ರ ಬೆಂಗಳೂರೋ ಮುಳುಗುತ್ತ ತೇಲುತ್ತ ಕೇಳಿಸುವ ಸಂಭವವಿತ್ತು. ಪಕ್ಕದ ಕೇಂದ್ರದ ಗದ್ದಲ ನುಗ್ಗಿದಾಗ ಪೆಟ್ಟಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಬೇಕು. ವಾರ್ತೆಯ ಅರ್ಧ ಸಿಕ್ಕರೆ ಉಳಿದರ್ಧವನ್ನು ಊಹಿಸಿಕೊಳ್ಳಬೇಕು. ಕೇಳುವುದೆಂದರೆ ಆಗ ಒಂದು ಬಗೆಯ ಬೇಟೆ. ಇದಕ್ಕಾಗಿ ಅಂಚೆ ಕಚೇರಿಯಲ್ಲಿ ಸರತಿ ನಿಂತು ಪರವಾನಗಿ ಶುಲ್ಕವನ್ನೂ ಕಟ್ಟಬೇಕಿತ್ತೆಂಬುದನ್ನು ಈಗಿನವರು ನಂಬಲಾರರು. 1980ರ ದಶಕದ ನಡುವಿನವರೆಗೂ ಆ ಪದ್ಧತಿಯಿತ್ತು.

ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹುಡುಗರಿಗೆ ರಾತ್ರಿಯೂ ಬಿಡುವಿರಲಿಲ್ಲ. ಅವರ ರಾತ್ರಿ ಶಾಲೆಗೆ ಮೀಸಲು. ಹಗಲು ಲೋಟ ತೊಳೆದು ಸಂಜೆ ಅಕ್ಷರ ಕಲಿತ ಆ ತಲೆಮಾರೇ ಮುಂಬಯಿ ಕನ್ನಡದ ಅಡಿಗಲ್ಲು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಕಟ್ಟಿಕೊಂಡ ಸಮುದಾಯ ಅದು. ಅವರಿಗೆ ಕೇಳ್ಮೆಯ ಹಬ್ಬವೆಂದರೆ ತಾಳಮದ್ದಳೆ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯೂ ಇಲ್ಲ. ಭಾಗವತರ ಪದದ ನಂತರ ಇಬ್ಬರು ಮೂವರು ಕುಳಿತು ಪೂರ್ವಲಿಖಿತವಾದ ಒಂದು ಸಾಲೂ ಇಲ್ಲದೆ ವಾದಿಸುವುದು. ಕರ್ಣನ ಋಣ ದೊಡ್ಡದೋ ರಕ್ತಸಂಬಂಧ ದೊಡ್ಡದೋ ಎಂಬಂಥ ಪ್ರಶ್ನೆಯನ್ನು ಹಿಡಿದು ಗಂಟೆಗಟ್ಟಲೆ ಎಳೆದಾಡುವುದು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆಯನ್ನು ಕೇಳಿ ಮರುದಿನ ಗಲ್ಲಾದಲ್ಲಿ ಕುಳಿತವರು ಅದೇ ವಾದವನ್ನು ಮುಂದುವರಿಸುತ್ತಿದ್ದರೆಂಬುದು ನಾವು ಬಲ್ಲ ಸಂಗತಿ. ಪಾಡ್‌ಕಾಸ್ಟ್ ಎಂದರೇನೆಂದು ಹಿರಿಯರೊಬ್ಬರು ಕೇಳಿದಾಗ ನಮ್ಮ ಬಳಗದಲ್ಲಿ ಯಾರೋ ಕೊಟ್ಟ ಉತ್ತರ: “ಭಾಗವತರಿಲ್ಲದ ತಾಳಮದ್ದಳೆ.” ಇದರಲ್ಲಿ ತಮಾಷೆಗಿಂತ ನಿಜವೇ ಹೆಚ್ಚು.

ತಾಳಮದ್ದಳೆಗೆ ಧ್ವನಿಸುರುಳಿ ಹೇಳಿ ಮಾಡಿಸಿದಂತೆ ಒದಗಿತು. ಕಣ್ಣಿಗೆ ಕೊಡಬೇಕಾದ್ದು ಅದರಲ್ಲಿ ಏನೂ ಇರಲಿಲ್ಲವಲ್ಲ. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದು ಭಾವಗೀತೆಗೆ ದಾರಿ ತೆರೆಯಿತು. ಮರುವರ್ಷ ಜಪಾನಿನಲ್ಲಿ ವಾಕ್‌ಮನ್ ಮಾರುಕಟ್ಟೆಗೆ ಬಂತು. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳು. ಆದರೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಲೋಕಲಿನಲ್ಲಿ ನಿಂತ ಕನ್ನಡಿಗನಿಗೆ ಎರಡೂ ಬೇಕಾಗಿದ್ದವು. ಅಲ್ಲಿಯವರೆಗೆ ಕೇಂದ್ರ ಪ್ರಸಾರ ಮಾಡಿದ ಹೊತ್ತಿಗೆ ನಾವು ಹೊಂದಿಕೊಳ್ಳುತ್ತಿದ್ದೆವು. ಇನ್ನು ಮುಂದೆ ನಮ್ಮ ಹೊತ್ತಿಗೆ ಧ್ವನಿ ಹೊಂದಿಕೊಳ್ಳತೊಡಗಿತು. ಬದಲಾವಣೆ ಆದದ್ದು ಆಗಲೇ. ಇಂಟರ್‌ನೆಟ್ ಅದನ್ನು ಅಗ್ಗ ಮಾಡಿದ್ದಷ್ಟೇ ಎಂದು ನಮ್ಮ ಅಭಿಪ್ರಾಯ.

ನಡುವೆ ಒಂದು ಅಲ್ಪಾಯುಷಿ ಅಧ್ಯಾಯವಿದೆ. 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹದ ಮೂಲಕ ವರ್ಲ್ಡ್‌ಸ್ಪೇಸ್ ಬಂತು, ಅದರಲ್ಲಿ ‘ಸ್ಪರ್ಶ’ ಎಂಬ ಕನ್ನಡ ವಾಹಿನಿಯಿತ್ತು. ಮುಂಬಯಿಯ ಖಾಸಗಿ ಎಫ್‌ಎಂಗಳು ಹಿಂದಿಯಲ್ಲೇ ಮುಳುಗಿದ್ದ ಕಾಲದಲ್ಲಿ, ಕಿಟಕಿಯ ಸರಳಿಗೆ ಪುಟ್ಟ ಆಂಟೆನಾ ಸಿಕ್ಕಿಸಿ ಪೂರ್ವ–ಆಗ್ನೇಯಕ್ಕೆ ತಿರುಗಿಸಿದರೆ ವಾಶಿಯ ಅಡುಗೆಮನೆಯಲ್ಲಿ ದಿನವಿಡೀ ಕನ್ನಡ. ಎದುರಿನ ಕಟ್ಟಡ ಎತ್ತರವಾದರೆ ಅದೂ ಇಲ್ಲ. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತುಹೋಯಿತು. ಚಂದಾ ಕಟ್ಟಿದವರ ಕಪಾಟಿನಲ್ಲಿ ಪೆಟ್ಟಿಗೆಗಳು ಉಳಿದವು.

‘ಪಾಡ್‌ಕಾಸ್ಟಿಂಗ್’ ಎಂಬ ಪದವನ್ನು ಬೆನ್ ಹ್ಯಾಮರ್‌ಸ್ಲಿ ಎಂಬ ಪತ್ರಕರ್ತ 2004ರಲ್ಲಿ ‘ದ ಗಾರ್ಡಿಯನ್’ ಪತ್ರಿಕೆಯಲ್ಲಿ ಬಳಸಿದ. ಕನ್ನಡಕ್ಕೆ ಅದು ಗಟ್ಟಿಯಾಗಿ ಬಂದದ್ದು ತಡವಾಗಿ. ಪವನ್ ಶ್ರೀನಾಥ್ ಮತ್ತು ಗೆಳೆಯರ ‘ತಲೆ–ಹರಟೆ’ 2018ರಲ್ಲಿ ಆರಂಭವಾಯಿತು. ಅದನ್ನು ಹೊರತಂದ ಐವಿಎಂ ಸಂಸ್ಥೆ ನಮ್ಮ ಮುಂಬಯಿಯದು! ಒಂದು ಕಾಲಕ್ಕೆ ಕನ್ನಡಕ್ಕೆ ಮುಂಬಯಿ ಬಾನುಲಿ ಹೊತ್ತು ಕೊಟ್ಟಂತೆ ಈಗಲೂ ಬೆಂಗಳೂರಿನ ಹರಟೆ ಮುಂಬಯಿಯ ಹಾದಿ ಹಿಡಿದದ್ದು ನಮಗೆ ಖುಷಿಯ ಸಂಗತಿ. (ಮುಂದೆ ಬೆಂಗಳೂರಿನ ಪ್ರತಿಲಿಪಿ ಆ ಸಂಸ್ಥೆಯನ್ನೇ ಕೊಂಡುಕೊಂಡಿತು.) 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ದತ್ತಾಂಶದ ಬೆಲೆ ನೆಲಕ್ಕಿಳಿಯದಿದ್ದರೆ ಇದ್ಯಾವುದೂ ದುಡಿಯುವವರ ಕಿವಿಗೆ ಎಟಕುತ್ತಿರಲಿಲ್ಲ. ಆ ಕಂಪನಿಯ ಆವರಣವಾದರೂ ನವಿಮುಂಬಯಿಯ ಘಣಸೋಲಿಯಲ್ಲಿದೆ. ಠಾಣೆ–ವಾಶಿ ಹಳಿಯ ಲೋಕಲಿನಲ್ಲಿ ಪಾಡ್‌ಕಾಸ್ಟ್ ಕೇಳುತ್ತ ಹೋಗುವವರು ಆ ನಿಲ್ದಾಣವನ್ನೇ ಹಾದು ಹೋಗುತ್ತಾರೆ. ಪ್ರಸಾರ ಭಾರತಿಯ ಆ್ಯಪ್ ತೆರೆದರೆ ಧಾರವಾಡ ಕೇಂದ್ರ ಹಗಲಿನಲ್ಲೂ ಸ್ಪಷ್ಟ. ಬೇಟೆ ಮುಗಿಯಿತು.

ಆದರೂ ಲೋಕಲ್ ತನ್ನ ನಿಯಮ ಬಿಟ್ಟುಕೊಟ್ಟಿಲ್ಲ. ಠಾಣೆಯಾಚೆಯ ಪಾರ್ಸಿಕ್ ಸುರಂಗ 1916ರದು, ಉದ್ದ ಸುಮಾರು 1.3 ಕಿಲೋಮೀಟರ್. 2022ರಲ್ಲಿ ಹೊಸ ಹಳಿಗೆ ಸರಿಯುವವರೆಗೂ ಫಾಸ್ಟ್ ಲೋಕಲ್‌ಗಳು ಅದರೊಳಗಿಂದಲೇ ಹೋಗುತ್ತಿದ್ದವು. ಟ್ರಾನ್ಸಿಸ್ಟರ್ ಕಾಲದಲ್ಲೂ ಮೊಬೈಲ್ ಕಾಲದಲ್ಲೂ ಅಲ್ಲಿ ಮಾತು ತುಂಡಾಗುತ್ತಿತ್ತು. ಅನುಭವಿಗಳು ರಾತ್ರಿಯೇ ಇಳಿಸಿಕೊಂಡಿಟ್ಟು ಬೆಳಿಗ್ಗೆ ಕೇಳುತ್ತಾರೆ. ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಇನ್ನೊಂದು ನಿಲ್ದಾಣದ ಘೋಷಣೆಗೆ. ಅರ್ಧ ತಾಸಿನ ಕಂತನ್ನು ವೇಗ ಹೆಚ್ಚಿಸಿ ಇಪ್ಪತ್ತು ನಿಮಿಷಕ್ಕೆ ಇಳಿಸುವವರಿದ್ದಾರೆ. ದುಡಿಮೆಯ ಕುರಿತಾದ ಮಾತನ್ನು, ಬಡ್ತಿ ಹೇಗೆ, ಉದ್ಯಮ ಹೇಗೆ ಎಂಬುದನ್ನು, ದುಡಿಮೆಗೆ ಹೋಗುವ ದಾರಿಯಲ್ಲೇ ಕೇಳುವುದು ನಮಗೆ ಸ್ವಲ್ಪ ಕಸಿವಿಸಿಯನ್ನೂ ಉಂಟುಮಾಡುತ್ತದೆ. ಕಿವಿಗೆ ದೊರೆತ ಬಿಡುವನ್ನೂ ಕಚೇರಿಯೇ ಕಸಿದುಕೊಂಡಿತೇ? ಹವಾನಾದ ಕಾರ್ಮಿಕರು ಚುಟ್ಟಾ ಸುತ್ತುವುದರ ಬಗ್ಗೆ ಕೇಳಲಿಲ್ಲ, ಕಾದಂಬರಿ ಕೇಳಿದರು.

ಈ ಎಲ್ಲದರಲ್ಲಿ ನಮ್ಮನ್ನು ನಿಜವಾಗಿ ಕಾಡುವುದು ಇನ್ನೊಂದು. ರಾತ್ರಿಶಾಲೆಯ ತಲೆಮಾರು ಕಿವಿಯಿಂದ ಅಕ್ಷರದ ಕಡೆಗೆ ನಡೆದು ಬಂತು. ಅವರ ಮೊಮ್ಮಕ್ಕಳು ಅಕ್ಷರದಿಂದ ಕಿವಿಗೆ ಹಿಂದಿರುಗಿದ್ದಾರೆ. ಕನ್ನಡ ಮಾಧ್ಯಮದ ಶಾಲೆಗಳು ಈ ಮಹಾನಗರದಲ್ಲಿ ಒಂದೊಂದಾಗಿ ಮುಚ್ಚಿವೆ. ಡೊಂಬಿವಲಿಯ, ಠಾಣೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ‘ಕರ್ನಾಟಕ ಮಲ್ಲ’ದ ತಲೆಬರಹವನ್ನು ಓದಲಾರರು. ಕುರಿತು ಓದದೆಯೂ ಕಾವ್ಯದಲ್ಲಿ ಪರಿಣತರಾದವರು ಈ ನಾಡಿನವರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೊಗಳಿದ್ದನ್ನು ಉಲ್ಲೇಖಿಸಿ ಸಮಾಧಾನ ಪಡುವವರೂ ನಮ್ಮಲ್ಲಿದ್ದಾರೆ. ಆ ಸಮಾಧಾನ ನಮಗೆ ಒಪ್ಪಿಗೆಯಿಲ್ಲ. ಅಂದು ಓದದವನ ಸುತ್ತ ಇಡೀ ಊರು ಕನ್ನಡ ನುಡಿಯುತ್ತಿತ್ತು. ಇಂದು ಓದದ ಹುಡುಗಿಯ ಸುತ್ತ ಎರಡು ಕೋಣೆಯ ಫ್ಲ್ಯಾಟ್ ಮಾತ್ರ ನುಡಿಯುತ್ತದೆ. ಆದರೂ ಐರೋಲಿಯ ಕಚೇರಿಗೆ ಹೋಗುವ ಅದೇ ಹುಡುಗಿ ಕನ್ನಡದ ಕಥೆಯೊಂದನ್ನು ಕೇಳಿ ಬಂದು, ಬರೆದವರು ಯಾರು, ಅವರದು ಬೇರೆ ಕಥೆ ಇದೆಯೇ ಎಂದು ವಿಚಾರಿಸಿದಾಗ ನಮ್ಮ ತಕರಾರು ಮೆತ್ತಗಾಯಿತೆಂಬುದನ್ನೂ ಒಪ್ಪಿಕೊಳ್ಳಬೇಕು. ಅವಳಿಗೆ ಪುಸ್ತಕ ಕೊಟ್ಟೆವು. ಅಮ್ಮ ಓದಿ ಹೇಳುತ್ತಿದ್ದಾಳಂತೆ, ಭಾನುವಾರ, ಬಟ್ಟೆ ಮಡಚುತ್ತ.

ಈ ಬರಹವನ್ನು ನಮ್ಮಲ್ಲೊಬ್ಬರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಬಳಗದ ಮಕ್ಕಳಿಗೆ ಕಳುಹಿಸುವುದೆಂದು ನಿಶ್ಚಯವಾಗಿದೆ. ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷದೊಳಗೆ ಮುಗಿಯಬೇಕು: ಡೊಂಬಿವಲಿಯಲ್ಲಿ ಶುರುಮಾಡಿದರೆ ಠಾಣೆ.