ಯಂತ್ರವಿಲ್ಲದ ಪಾಠ, ಪಾಠವಿಲ್ಲದ ಯಂತ್ರ: ಪ್ರೌಢಶಾಲೆಯ ಗಣಕ ಶಿಕ್ಷಣದ ಎರಡು ಆರಂಭಗಳು

1985ರ ಸೆಪ್ಟೆಂಬರ್ 1ರಂದು ಸೋವಿಯತ್ ಒಕ್ಕೂಟದ ಶಾಲೆಗಳು ಬಾಗಿಲು ತೆರೆದಾಗ ಪ್ರೌಢ ತರಗತಿಗಳ ವೇಳಾಪಟ್ಟಿಯಲ್ಲಿ ಹೊಸದೊಂದು ವಿಷಯ ಸೇರಿತ್ತು: 'ಇನ್ಫರ್ಮ್ಯಾಟಿಕ್ಸ್ ಮತ್ತು ಗಣಕ ತಂತ್ರಜ್ಞಾನದ ಮೂಲತತ್ತ್ವಗಳು'. ದೇಶಕ್ಕೆಲ್ಲ ಕಡ್ಡಾಯ. ಆದರೆ ಬಹುಪಾಲು ಶಾಲೆಗಳಲ್ಲಿ ಗಣಕವೇ ಇರಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಭಾರತದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಗಣಕಗಳು ಬಂದಿಳಿಯುತ್ತಿದ್ದವು. ಇಲ್ಲಿ ವೇಳಾಪಟ್ಟಿಯಲ್ಲಿ ಅವಕ್ಕೆ ಜಾಗವಿರಲಿಲ್ಲ. ಶಾಲಾ ಗಣಕ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಎಣಿಕೆಯಿಂದ ಬರೆಯುವುದು ರೂಢಿ. ಎಷ್ಟು ಶಾಲೆ, ಎಷ್ಟು ಪ್ರಯೋಗಾಲಯ, ಎಷ್ಟು ಕೋಟಿ ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಈ ಎರಡು ಆರಂಭಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೇರೆಯದೇ ಪ್ರಶ್ನೆ ಏಳುತ್ತದೆ: ಆ ಪಾಠ ಶಾಲೆಯಲ್ಲಿ ಯಾರ ಪಾಠವಾಗಿತ್ತು?

ಸೋವಿಯತ್ ಪ್ರಯತ್ನದ ಹಿಂದಿದ್ದವರು ಸೈಬೀರಿಯಾದ ನೊವೊಸಿಬಿರ್ಸ್ಕ್‌ನ ಗಣಕವಿಜ್ಞಾನಿ ಆಂದ್ರೇ ಎರ್ಶೋವ್. 1981ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಅವರು ಪ್ರೋಗ್ರಾಮಿಂಗನ್ನು 'ಎರಡನೆಯ ಅಕ್ಷರಜ್ಞಾನ' ಎಂದು ಕರೆದರು. ಮುದ್ರಣಯಂತ್ರ ಬಂದ ಮೇಲೆ ಓದುಬರಹ ಎಲ್ಲರಿಗೂ ಬೇಕಾಯಿತು, ಗಣಕ ಬಂದ ಮೇಲೆ ಕೆಲಸವನ್ನು ಹಂತಹಂತವಾಗಿ ಯೋಜಿಸಿ ಬರೆಯುವ ಶಕ್ತಿ ಎಲ್ಲರಿಗೂ ಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. ನಾಲ್ಕು ವರ್ಷದ ನಂತರ ಸರ್ಕಾರದ ಆದೇಶ ಹೊರಟಾಗ ಎರ್ಶೋವ್ ಮತ್ತು ಮೊನಾಖೋವ್ ಸಂಪಾದಿಸಿದ ಪಠ್ಯಪುಸ್ತಕ ಕೆಲವೇ ತಿಂಗಳಲ್ಲಿ ಸಿದ್ಧವಾಯಿತು. ಗಣಿತ, ಭೌತವಿಜ್ಞಾನದ ಮೇಷ್ಟ್ರುಗಳನ್ನೇ ಬೇಸಿಗೆ ರಜೆಯಲ್ಲಿ ಕೂರಿಸಿ ತರಬೇತಿ ಕೊಟ್ಟರು.

ಯಂತ್ರವಿಲ್ಲದೆ ಕಲಿಸುವ ಉಪಾಯವೇ ಈ ಕಥೆಯ ಸ್ವಾರಸ್ಯ. ಪುಸ್ತಕಕ್ಕೆಂದೇ ಎರ್ಶೋವ್ ಒಂದು 'ಅಲ್ಗಾರಿದಮ್ ಭಾಷೆ'ಯನ್ನು ರೂಪಿಸಿದರು. ಅದರ ಆಜ್ಞಾಪದಗಳೆಲ್ಲ ರಷ್ಯನ್: 'ನಚ್' ಎಂದರೆ ಆರಂಭ, 'ಕೋನ್' ಎಂದರೆ ಕೊನೆ. ಮೊದಮೊದಲು ಈ ಭಾಷೆ ಕಾಗದದ ಮೇಲೆ ಮಾತ್ರ ಇತ್ತು. ಹುಡುಗರು ನೋಟುಬುಕ್ಕಿನಲ್ಲಿ ಕೋಷ್ಟಕ ಗೆರೆ ಹಾಕಿ, ಪ್ರತಿ ಸಾಲು ದಾಟಿದಂತೆ ಯಾವ ಚರಾಕ್ಷರದ ಬೆಲೆ ಎಷ್ಟಾಯಿತೆಂದು ಬರೆಯುತ್ತ ಹೋಗಬೇಕು. ಯಂತ್ರದ ಕೆಲಸವನ್ನು ಮಗುವೇ ಮಾಡಬೇಕು. ಸಂಸ್ಕೃತದಲ್ಲಿ 'ಗಣಕ' ಎಂದರೆ ಲೆಕ್ಕ ಹಾಕುವ ಮನುಷ್ಯ. ಆ ಹಳೆಯ ಅರ್ಥದಲ್ಲಿ ನೋಡಿದರೆ ಆ ತರಗತಿಗಳ ತುಂಬ ಗಣಕರೇ ಇದ್ದರು!

ನೀರಿಗಿಳಿಯದೆ ಈಜು ಕಲಿಸಿದ ಹಾಗಾಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ತಾನು ಬರೆದದ್ದು ತಪ್ಪೆಂದು ಯಂತ್ರವೇ ಮುಖಕ್ಕೆ ಹೊಡೆದಂತೆ ಹೇಳಿದಾಗ ಆಗುವ ಕಲಿಕೆ ಕಾಗದದಿಂದ ಆಗದು. ಆದರೂ ಆ ವ್ಯವಸ್ಥೆಯಲ್ಲಿ ವಿಷಯಕ್ಕೊಂದು ಹೆಸರಿತ್ತು, ಪಿರಿಯಡ್ ಇತ್ತು, ಅದನ್ನು ಕಲಿಸುವುದು ಆ ಶಾಲೆಯದೇ ಮೇಷ್ಟ್ರ ಹೊಣೆಯಾಗಿತ್ತು. ಮುಂದೆ ಯಂತ್ರಗಳು ಬಂದಾಗ ಕಾಗದದ ಭಾಷೆಗೂ ಜೀವ ಬಂತು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಅದನ್ನು ಗಣಕದ ಮೇಲೆ ಓಡುವಂತೆ ಮಾಡಿದರು. ಅದರ ವಂಶದ 'ಕುಮಿರ್' ಇಂದಿಗೂ ರಷ್ಯಾದ ಶಾಲೆಗಳಲ್ಲಿ ಬಳಕೆಯಲ್ಲಿದೆ.

ಭಾರತದ ಆರಂಭ 1984–85ರದ್ದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ಶಿಕ್ಷಣ ಸಚಿವಾಲಯ ಮತ್ತು ಎನ್‌ಸಿಇಆರ್‌ಟಿ ಸೇರಿ ಹಮ್ಮಿಕೊಂಡ 'ಕ್ಲಾಸ್' ಯೋಜನೆ, ಅಂದರೆ 'ಕಂಪ್ಯೂಟರ್ ಲಿಟರೆಸಿ ಅಂಡ್ ಸ್ಟಡೀಸ್ ಇನ್ ಸ್ಕೂಲ್ಸ್', ಮೊದಲಿಗೆ ಸುಮಾರು 250 ಶಾಲೆಗಳನ್ನು ಮುಟ್ಟಿತು. ಆರಿಸಿದ ಯಂತ್ರ ಬಿಬಿಸಿ ಮೈಕ್ರೊ. ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಗಣಕದ 'ಬಿ' ಮಾದರಿಗಿದ್ದ ಸ್ಮೃತಿ 32 ಕಿಲೋಬೈಟ್. ಗುಂಡಿ ಒತ್ತಿದೊಡನೆ ಬೀಪ್ ಎಂದು ಸದ್ದು ಮಾಡಿ, ಬೇಸಿಕ್ ಭಾಷೆಯಲ್ಲಿ ಆಜ್ಞೆ ಕೊಡಿ ಎಂದು ಕಾದು ಕೂರುತ್ತಿತ್ತು. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ 'ಯೂನಿಕಾರ್ನ್' ಹೆಸರಿನಲ್ಲಿ ಇಲ್ಲೂ ತಯಾರಿಸಿತು.

ಬ್ರಿಟನ್ನಿನಲ್ಲಿ ಈ ಪೆಟ್ಟಿಗೆ ಒಂಟಿಯಾಗಿರಲಿಲ್ಲ. 1982ರ ಜನವರಿಯಿಂದ ಬಿಬಿಸಿಯ ಟಿವಿ ಸರಣಿ, ಜೊತೆಗೆ ಪುಸ್ತಕ, ಸರ್ಕಾರದ ಸಹಾಯಧನ, ಶಿಕ್ಷಕರ ತರಬೇತಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ಸಮುದ್ರ ದಾಟಿ ಬಂದದ್ದು ಪೆಟ್ಟಿಗೆ ಮತ್ತು ಒಂದಿಷ್ಟು ಇಂಗ್ಲಿಷ್ ತಂತ್ರಾಂಶ. ಇಲ್ಲಿನ ಗುರಿ ಪ್ರೋಗ್ರಾಮಿಂಗ್‌ಗಿಂತ ಹೆಚ್ಚಾಗಿ ಪರಿಚಯ, ಯಂತ್ರದ ಬಗೆಗಿನ ಅಂಜಿಕೆ ಬಿಡಿಸುವುದು. ತಪ್ಪಲ್ಲದ ಗುರಿಯೇ. ಆದರೆ ಕೆಲವು ವಾರಗಳ ತರಬೇತಿ ಪಡೆದ ಮೇಷ್ಟ್ರು ಮೂಲ ವಿಷಯದ ಪಾಠ ಮುಗಿಸಿ ಬಿಡುವಿದ್ದಾಗ ಕಲಿಸಬೇಕು, ಪರೀಕ್ಷೆಯಲ್ಲಿ ಅಂಕವಿಲ್ಲ ಎಂದಾಗ ನಮ್ಮ ಶಾಲೆಗಳಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ. ಚಿತ್ರಕಲೆ, ಆಟದ ಪಿರಿಯಡ್‌ಗಳ ಗತಿ ಎಲ್ಲರೂ ಬಲ್ಲರು.

ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಹೆಜ್ಜೆ 2001ರ ಸುಮಾರಿಗೆ ಬಂದ 'ಮಾಹಿತಿ ಸಿಂಧು'. ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಕೊಠಡಿ ಹಾಕಿ ಕಲಿಸುವ ಗುತ್ತಿಗೆ ಖಾಸಗಿ ಸಂಸ್ಥೆಗಳಿಗೆ ಹೋಯಿತು. ಗಣಕ ಕಲಿಸುವವರು ಕಂಪನಿಯ ನೌಕರರು, ಶಾಲೆಯ ಮೇಷ್ಟ್ರುಗಳಿಗೆ ಆ ಕೊಠಡಿ ಪಕ್ಕದ ಮನೆ. ಗುತ್ತಿಗೆಯ ಅವಧಿ ತೀರಿದಾಗ ಯಂತ್ರ ಶಾಲೆಗೆ ಉಳಿಯಿತು, ಕಲಿಸುವವರು ಹೊರಟರು.

ಕೇರಳ ಹಿಡಿದ ದಾರಿ ಬೇರೆ. ಅಲ್ಲಿಯ 'ಐಟಿ@ಸ್ಕೂಲ್' ಯೋಜನೆಯೂ 2001ರದೇ. ಅದರ ನೀಲನಕ್ಷೆ ಬರೆದ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ, ಇಸ್ರೋ ಮುಖ್ಯಸ್ಥರಾಗಿದ್ದ ಯು. ಆರ್. ರಾವ್. (ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ನೆನಪಾದರೆ ತಪ್ಪಿಲ್ಲ.) ಅಲ್ಲಿ ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಬೆಳೆಸಿದರು, ವಿಷಯವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸೇರಿಸಿದರು, ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ಪೂರ್ತಿಯಾಗಿ ಹೊರಳಿದರು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವ ಧೈರ್ಯ ಗಣಿತ ಟೀಚರಿಗೆ ಬಂದದ್ದು ಹೀಗೆ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಈ ಎರಡು ಮಾದರಿಗಳನ್ನು ಹೋಲಿಸಿ ಅಧ್ಯಯನ ಮಾಡಿ, ಹೊರಗುತ್ತಿಗೆಗಿಂತ ಶಿಕ್ಷಕರನ್ನು ಒಳಗೊಂಡ ದಾರಿಯೇ ಮೇಲೆಂದಿತು. ಅದೇ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕ 2011ರ ನಂತರ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದಾಗ ಗಣಿತದ ಮೇಷ್ಟ್ರುಗಳು ಜಿಯೋಜಿಬ್ರಾ ತಂತ್ರಾಂಶ ಹಿಡಿದು ರೇಖಾಗಣಿತ ಕಲಿಸತೊಡಗಿದರು. ಅದು ಗಣಕದ ಬಳಕೆ. ಗಣಕವಿಜ್ಞಾನದ ಪಾಠ ಮಾತ್ರ ನಮ್ಮ ಬಹುಪಾಲು ಮಕ್ಕಳಿಗೆ ಪಿಯುಸಿಯಲ್ಲಿ, ಅದೂ ಆ ವಿಷಯವನ್ನೇ ಆರಿಸಿಕೊಂಡವರಿಗೆ ಸಿಗುವಂಥದ್ದು.

ಬಳಕೆ ಮತ್ತು ವಿಜ್ಞಾನ ಬೇರೆಯೆಂಬುದನ್ನು ಬಿಬಿಸಿ ಮೈಕ್ರೊದ ತವರೇ ತಡವಾಗಿ ಒಪ್ಪಿಕೊಂಡಿತು. ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠ ಸವೆದು ಸವೆದು ಕಚೇರಿ ತಂತ್ರಾಂಶದ ಅಭ್ಯಾಸಕ್ಕೆ ಇಳಿದಿದೆಯೆಂದು 2012ರಲ್ಲಿ ರಾಯಲ್ ಸೊಸೈಟಿಯ ವರದಿ ಎಚ್ಚರಿಸಿತು. 2014ರ ಸೆಪ್ಟೆಂಬರಿನಿಂದ ಅಲ್ಲಿ 'ಕಂಪ್ಯೂಟಿಂಗ್' ಎಂಬ ಹೊಸ ಪಠ್ಯಕ್ರಮ ಬಂತು.

ಇನ್ನು ಭಾಷೆಯ ಮಾತು. ಎರ್ಶೋವ್ ಮಗುವಿನ ನುಡಿಯಲ್ಲೇ ಆಜ್ಞಾಪದ ಕೊಟ್ಟರು, ನಮ್ಮಲ್ಲಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಚ್ಚು ಸಲೀಸಾಯಿತು, ಅಲ್ಗಾರಿದಮ್ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಆದರೂ ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಮುದ್ರಿತವಾದ, ಪರೀಕ್ಷೆಗೆ ಓದಲೇಬೇಕಾದ, ಪೈಥಾನ್ ಪಾಠವಿರುವ ಗಣಕದ ಪಠ್ಯಪುಸ್ತಕ ಇದೆ. ಅದನ್ನು ಅಚ್ಚು ಹಾಕಿಸುವುದು ಕೇರಳ ಸರ್ಕಾರ. ಓದುವವರು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು.