ಪ್ರತ್ಯಾಖ್ಯಾನ: ಶಬ್ದಾರ್ಥ ಮತ್ತು ಬಳಕೆ

ಮುನಿಗಳ ಷಡಾವಶ್ಯಕಗಳಲ್ಲಿ ಪ್ರತ್ಯಾಖ್ಯಾನವೂ ಒಂದು. ಸಂಸ್ಕೃತದ ‘ಖ್ಯಾ’ (ಹೇಳು) ಧಾತುವಿಗೆ ‘ಪ್ರತಿ’ ಮತ್ತು ‘ಆ’ ಉಪಸರ್ಗಗಳು ಸೇರಿ ಈ ಶಬ್ದ ಆಗಿದೆ. ಲೌಕಿಕ ಬಳಕೆಯಲ್ಲಿ ಇದರ ಅರ್ಥ ನಿರಾಕರಿಸು, ಅಲ್ಲಗಳೆ. ಜೈನ ಗ್ರಂಥಗಳಲ್ಲಿ ತ್ಯಾಗ. ಪ್ರಾಕೃತದಲ್ಲಿ ‘ಪಚ್ಚಕ್ಖಾಣ’, ಶ್ವೇತಾಂಬರ ಮನೆಗಳಲ್ಲಿ ನಿತ್ಯ ಕೇಳುವ ‘ಪಚ್ಚಖಾಣ್’ ಇದೇ.

ನಿರಾಕರಣೆ ಮತ್ತು ತ್ಯಾಗ, ಈ ಎರಡು ಅರ್ಥಗಳು ಬೇರೆ ಬೇರೆ ಎನಿಸಬಹುದು. ಅವು ಒಂದೇ ಎಂಬುದನ್ನು ಕುಂದಕುಂದಾಚಾರ್ಯರ ‘ಸಮಯಸಾರ’ ತೋರಿಸುತ್ತದೆ. ಪರವಸ್ತುವನ್ನು ಪರವೆಂದು ತಿಳಿಯುವ ಜ್ಞಾನವೇ ಪ್ರತ್ಯಾಖ್ಯಾನ ಎಂದು ಅಲ್ಲಿ ಹೇಳಿದೆ. ಟೀಕಾಕಾರರಾದ ಅಮೃತಚಂದ್ರಾಚಾರ್ಯರು ಅಗಸನ ಮನೆಯ ದೃಷ್ಟಾಂತ ಕೊಡುತ್ತಾರೆ. ಒಬ್ಬನು ಬೇರೆಯವರ ಬಟ್ಟೆಯನ್ನು ತನ್ನದೆಂದು ತಂದು ಹೊದ್ದು ಮಲಗುತ್ತಾನೆ. ಬಟ್ಟೆಯ ಒಡೆಯ ಬಂದು ಸೆರಗು ಹಿಡಿದು ಎಬ್ಬಿಸುತ್ತಾನೆ. ಗುರುತು ನೋಡಿ ತನ್ನದಲ್ಲವೆಂದು ತಿಳಿದೊಡನೆ ಅವನು ಅದನ್ನು ಬಿಟ್ಟುಬಿಡುತ್ತಾನೆ. ‘ನನ್ನದಲ್ಲ’ ಎಂಬುದು ನಿರಾಕರಣೆ, ಬಿಡುವುದು ತ್ಯಾಗ, ನಡುವೆ ಅಂತರವಿಲ್ಲ. ತಪ್ಪಿ ಬಂದ ಸರಕನ್ನು ಹಿಂದಿರುಗಿಸಿದ ವ್ಯಾಪಾರಿಯನ್ನು ಯಾರೂ ದಾನಿ ಎನ್ನುವುದಿಲ್ಲವಷ್ಟೆ. ಕನ್ನಡದ ‘ಅಲ್ಲಗಳೆ’ ಎಂಬ ಪದದಲ್ಲಿಯೂ ‘ಅಲ್ಲ’ದ ಜೊತೆಗೆ ‘ಕಳೆ’ ಇದೆ.

ಪ್ರತಿಕ್ರಮಣವು ಆಗಿಹೋದ ದೋಷಕ್ಕೆ, ಪ್ರತ್ಯಾಖ್ಯಾನವು ಮುಂದೆ ಆಗಬಹುದಾದ ದೋಷಕ್ಕೆ. ಶ್ರಾವಕರು ಕಾಲದ ಮಿತಿ ಹಾಕಿಕೊಳ್ಳಬಹುದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಂತೆ ಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸ ಎಷ್ಟಾದರೂ ಸರಿ. ಶ್ವೇತಾಂಬರರ ನವಕಾರಸಿ ಸೂರ್ಯೋದಯದಿಂದ 48 ನಿಮಿಷ ಮಾತ್ರ. ಬಿಡುವುದಕ್ಕೆ ನಾವು ‘ನಿಯಮ ತೆಗೆದುಕೊಂಡೆ’ ಎನ್ನುತ್ತೇವೆ ಎಂಬುದು ಗಮನಿಸಬೇಕಾದ ಮಾತು.

ಇನ್ನು ಕ್ರಿಯಾಪದದ ಪುರುಷ. ಇದನ್ನು ಹಲವರು ಗಮನಿಸುವುದಿಲ್ಲ. ಶ್ವೇತಾಂಬರ ಪದ್ಧತಿಯಲ್ಲಿ ಗುರುಗಳು ‘ಪಚ್ಚಕ್ಖಾಇ’ (ತ್ಯಜಿಸುತ್ತಾನೆ) ಎಂದು ಹೇಳಿಕೊಡುತ್ತಾರೆ. ತೆಗೆದುಕೊಳ್ಳುವವರು ‘ಪಚ್ಚಕ್ಖಾಮಿ’ (ತ್ಯಜಿಸುತ್ತೇನೆ) ಎನ್ನಬೇಕು. ಕನ್ನಡದ ‘ಒಲ್ಲೆ’ ಎಂಬ ಮಾತಿನ ಹಾಗೆ, ಇದನ್ನು ನಾನೇ ಹೇಳಬೇಕು. ಗುರುಗಳು ಹೇಳಿದ್ದನ್ನು ಕೇಳಿ ಸುಮ್ಮನೆ ಕೈಮುಗಿದರೆ ಕ್ರಿಯಾಪದ ಅವರ ಬಾಯಲ್ಲಿಯೇ ಉಳಿಯುತ್ತದೆ.

ಇದು ಅತ್ಯಂತ ಮುಖ್ಯವಾಗುವುದು ಭಕ್ತಪ್ರತ್ಯಾಖ್ಯಾನದಲ್ಲಿ. ಇಲ್ಲಿ ‘ಭಕ್ತ’ ಎಂದರೆ ಆಹಾರ, ದೇವರ ಭಕ್ತನಲ್ಲ. ಕ್ರಮವಾಗಿ ಆಹಾರ ತ್ಯಜಿಸುವ ಈ ಸಮಾಧಿಮರಣವನ್ನು ಶಿವಾರ್ಯರ ‘ಭಗವತೀ ಆರಾಧನಾ’ ವಿಸ್ತಾರವಾಗಿ ವಿವರಿಸುತ್ತದೆ. ಇದರ ಉತ್ಕೃಷ್ಟ ಕಾಲ 12 ವರ್ಷ. ಹಿರಿಯರು ಹಾಸಿಗೆ ಹಿಡಿದಾಗ, ಮಾತು ನಿಂತ ಮೇಲೆ, ಮನೆಯವರು ಅವಸರದಲ್ಲಿ ‘ಅವರು ಬಿಟ್ಟಿದ್ದಾರೆ’ ಎನ್ನುವುದುಂಟು. ಅದು ಮನೆಯವರ ಮಾತು. ಪ್ರಥಮ ಪುರುಷದ ಕ್ರಿಯಾಪದ. ಹಿರಿಯರಿಗೆ ಎಚ್ಚರವಿರುವಾಗಲೇ ಗುರುಗಳ ಮುಂದೆ ಅವರ ಇಚ್ಛೆ ಏನೆಂದು ಕೇಳಬೇಕು. ಅವರು ಬೇಕೆಂದರೆ ಬೇಕು.

ಬರೆಯುವಾಗ ‘ಪ್ರತ್ಯಾಖ್ಯಾನ’ ಎಂದು ದೀರ್ಘ ಇರಬೇಕು. ‘ಪ್ರತ್ಯಖ್ಯಾನ’ ತಪ್ಪು.