ಮನೆ ಕಾರ್ಯಾಗಾರದ ವೆಲ್ಡಿಂಗ್ ಯಂತ್ರ (ಹುಬ್ಬಳ್ಳಿ-ಧಾರವಾಡ)

ಗೇಟು, ಕಿಟಕಿಯ ಸರಳು, ಕೃಷಿ ಸಲಕರಣೆಗಳ ರಿಪೇರಿಗೆ ಮನೆಯಲ್ಲೇ ಬಳಸುವ ಆರ್ಕ್ ವೆಲ್ಡಿಂಗ್ ಸಾಧನ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಶೆಡ್‌ಗಳಲ್ಲಿ ತ್ರೀ-ಫೇಸ್ ಸಂಪರ್ಕ ಸಾಮಾನ್ಯ. ಅವಳಿ ನಗರದ ಮನೆಗಳಿಗೆ ಹೆಸ್ಕಾಂ ಕೊಡುವುದು ಹೆಚ್ಚಾಗಿ 230 ವೋಲ್ಟಿನ ಸಿಂಗಲ್ ಫೇಸ್. ಯಂತ್ರದ ಆಯ್ಕೆ ಈ ಮಿತಿಯಿಂದಲೇ ಶುರುವಾಗಬೇಕು.

2.5 ಮಿ.ಮೀ. ರಾಡಿಗೆ 60–90 ಆಂಪಿಯರ್, 3.15 ಮಿ.ಮೀ. ರಾಡಿಗೆ 90–130 ಆಂಪಿಯರ್ ಬೇಕು. 100 ಆಂಪಿಯರ್ ಹರಿವಿನಲ್ಲಿ ಆರ್ಕ್ ವೋಲ್ಟೇಜ್ ಸುಮಾರು 24. ಅಂದರೆ ಬೆಸುಗೆಗೇ 2.4 ಕಿಲೋವ್ಯಾಟ್. ನಷ್ಟ ಸೇರಿದರೆ ಇನ್ವರ್ಟರ್ ಯಂತ್ರ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಅಗ್ಗದ ಯಂತ್ರಗಳಲ್ಲಿ ಪವರ್ ಫ್ಯಾಕ್ಟರ್ ಕಡಿಮೆಯಾದ್ದರಿಂದ ಮನೆಯ 16 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿ, 25 ಆಂಪಿಯರ್ ಸಿ-ಮಾದರಿಯ ಎಂಸಿಬಿ ಹಾಕಿಸುವುದು ಸೂಕ್ತ, ಅರ್ಥಿಂಗ್ ಕಡ್ಡಾಯ. ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದರೆ ಮೊದಲು ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರ ಗಟ್ಟಿಮುಟ್ಟಾದುದು, ಆದರೆ ಬಲು ಭಾರ; ದೊಡ್ಡವು ಎರಡು ಫೇಸ್ ಕೇಳುತ್ತವೆ. ಮನೆಗೆ ಇನ್ವರ್ಟರ್ ಯಂತ್ರವೇ ಮೇಲು. ಗ್ರೈಂಡರಿನ ಕಬ್ಬಿಣದ ಪುಡಿ ಅದರ ಫ್ಯಾನಿನ ಮೂಲಕ ಒಳಹೊಕ್ಕು ಸರ್ಕ್ಯೂಟ್ ಸುಡುವುದರಿಂದ ಯಂತ್ರವನ್ನು ಗ್ರೈಂಡರಿನಿಂದ ದೂರ ಇಡಬೇಕು.